ಗುಂಡಿ

ಮೀನಂಗಡಿಯ ಡಬ್ಬಿ ಯಾವತ್ತೂ ಜಿಗುಟು.
ಪಬ್ಬಿನದು ಭಾರ. ಇಗರ್ಜಿಯದು, ಹೇಳಬಾರದು, ಹಗುರ.
ಕಾರ್ನ್‌ವಾಲಿನ ಈ ತುದಿಯಲ್ಲಿ, ತಿಂಗಳ ಕೊನೆಯ ಮಂಗಳವಾರ,
ಲವ್‌ಡೇಯ ಅಡುಗೆಮನೆಯ ಮೇಜಿಗೆ ಹಳೇ ಚಾದರ ಹಾಸಿ
ಮೂವರೂ ಸುರಿದುಕೊಂಡು ಎಣಿಸುತ್ತೇವೆ:
ಹತ್ತು ಪೆನ್ನಿಗೊಂದು ಗುಡ್ಡೆ, ಇಪ್ಪತ್ತಕ್ಕೊಂದು,
ತಾಮ್ರದ ಚಿಲ್ಲರೆಗೆ ಜೋರಿ ತಂದ ಐಸ್‌ಕ್ರೀಮ್ ಡಬ್ಬ.
ಶನಿವಾರ ಪಾಸ್ಟಿ ಮಾರಿದ್ದು ಬೇರೆ ಲಕೋಟೆ,
ಬೆಣ್ಣೆಯ ಕಲೆ ಸಮೇತ.

ಹನಿಗೂಡಿದರೆ ಹಳ್ಳವಂತೆ. ಇರಬಹುದು.
ನಮ್ಮೆದುರಿಗಿರುವುದು ಕಡಲು.
ನಮಗೆ ಬೇಕಾದದ್ದು ರಕ್ಷಣಾ ದೋಣಿಗೊಂದು ಎಂಜಿನ್.
ಬಿರುಗಾಳಿಯ ರಾತ್ರಿ ಪೇಜರ್ ಕೂಗಿದೊಡನೆ
ಹಿಟ್ಟಿನ ಕೈಯಲ್ಲೇ ಓಡುವ ಬೇಕರಿಯವನು,
ಶಾಲಾ ಬಸ್ಸಿನ ಟ್ಯಾಮ್ಸಿನ್
ಹೋಗಲಿಕ್ಕೆ ಹೇಗೋ ಹೋಗುತ್ತಾರೆ;
ವಾಪಸು ಬರಬೇಕಲ್ಲ.

ಮೀನಂಗಡಿಯ ಡಬ್ಬಿಯಲ್ಲಿ ಈ ಸಲವೂ ಒಂದು ಗುಂಡಿ.
ಕಪ್ಪು, ನಾಲ್ಕು ತೂತು, ಕಿತ್ತ ನೀಲಿ ದಾರ.
ಇದು ಐದನೆಯದು.
"ಯಾರದೋ ಕುಚೇಷ್ಟೆ," ಎಂದ ಜೋರಿ.
ಲವ್‌ಡೇ ಏನೂ ಅನ್ನಲಿಲ್ಲ, ಕೆಟಲ್ ಇಡಲು ಎದ್ದಳು.

ಮಾರನೆಯ ದಿನ ಬಂದರಿನ ಕಟ್ಟೆಯ ಮೇಲೆ ಮುದುಕ ಪಾಸ್ಕೋ.
ಭುಜಕ್ಕೆ ದೊಡ್ಡದಾದ ಮಗನ ಕೋಟು,
ಗಾಳಿಗೆ ಹಾರದಂತೆ ಎರಡೂ ಕೈಯಲ್ಲಿ ಅವುಚಿ ಹಿಡಿದಿದ್ದ.
ಆ ಹುಡುಗನನ್ನು ನಮ್ಮ ದೋಣಿ ತಂದಿತ್ತು, ಹೋದ ಮಾರ್ಚಿನಲ್ಲಿ.
ತಡವಾಗಿ. ಆದರೂ ತಂದಿತ್ತು.
ಕೊರಳ ಹತ್ತಿರ ಇನ್ನೊಂದೇ ಉಳಿದಿದೆ.

ಮನೆಗೆ ಬಂದು ಲೆಕ್ಕದ ಪುಸ್ತಕ ತೆರೆದೆ.
ಜಮಾ: ಮುನ್ನೂರ ಹನ್ನೆರಡು ಪೌಂಡು, ನಲವತ್ತು ಪೆನ್ನಿ.
ಕೆಳಗೆ, ಅದೇ ಶಾಯಿಯಲ್ಲಿ: ಗುಂಡಿ, ಒಂದು.
ಆಡಿಟರ್ ಕೇಳಿದರೆ ಕೇಳಲಿ.