ಎರಡಂಕಿ

ಶ್ರೀನಿವಾಸಪುರ ದಾಟಿ ಚಿಂತಾಮಣಿ ದಿಕ್ಕಿಗೆ
ಐವತ್ತೆರಡನೇ ಗೇಟು. ಒಂದು ಕೋಣೆ, ಒಂದು ಹುಣಸೆಮರ,
ಗೋಡೆಗೆ ಬಡಿದ ಕರಿ ಫೋನು.
ಗಂಡ ಇದ್ದಾಗ ಗಂಡನದು. ಆಮೇಲೆ
ಅನುಕಂಪದ ಆರ್ಡರಿನ ಮೇಲೆ ನನ್ನದು.

ಫೋನು ಬಂದರೆ ಗಾಡಿ ಬಿಡುತ್ತಾರೆ ಅಂತ.
ಚಕ್ರ ತಿರುಗಿಸಿ, ತೋಳು ಇಳಿಸಿ, ಬೀಗ ಹಾಕಿ,
ಓಡಿಬಂದು ಹಾಳೆ ನೋಡಿ ನಂಬರು ಹೇಳಬೇಕು.
ಮೇಲಿನವರು ಅಚ್ಚು ಹಾಕಿಸಿ ಕಳಿಸಿದ ಹಾಳೆ;
ಎರಡಂಕಿಯ ಸಂಖ್ಯೆಗಳು, ಚೆಲ್ಲಿದ ಹುರುಳಿಯ ಹಾಗೆ
ಹಿಂದಿಲ್ಲ, ಮುಂದಿಲ್ಲ. ಯಾರೂ ಊಹಿಸಬಾರದು.
ಹೇಳಿದ್ದಕ್ಕೆ ಗೀಟು ಹೊಡೆಯಬೇಕು.
ನಾನು ಕೊಟ್ಟರೆ ಅವರು ಸಿಗ್ನಲ್ ಕೊಡುತ್ತಾರೆ.
ಅಷ್ಟೇ ಕಾಯಿದೆ.

ಮಾಸ್ತರು ಒಡಿಶಾ ಕಡೆಯವರು. ಬೆಹೆರಾ ಅಂತೆ,
ಗ್ಯಾಂಗಿನವರು ಹೇಳಿದ್ದು.
ಮೊದಲ ವಾರ ಅವರ ಹಿಂದಿ ನನಗೆ ಹತ್ತಲಿಲ್ಲ,
ನನ್ನ ಕನ್ನಡ ಅವರಿಗೆ. ನಮ್ಮ ಸೀಮೆಯ ತೆಲುಗೂ ಎಸೆದು ನೋಡಿದೆ,
ಅದೂ ವಾಪಸು ಬಂತು.
ಗಾಡಿ ಏಳು ನಿಮಿಷ ನಿಂತಿತು. ಇಬ್ಬರಿಗೂ ಮೆಮೊ.

ಆಮೇಲೆ ಕಲಿತರು, ಗಾಡಿಗೆ ಒಂದರಂತೆ.
ಅರವತ್ತೇಳು. ನಲವತ್ತು. ಎಂಬತ್ತೊಂಬತ್ತು.
ಇಪ್ಪತ್ತನ್ನು ಇಪತು ಅನ್ನುತ್ತಿದ್ದರು,
ಒತ್ತೆಲ್ಲ ಹಳಿಯ ಕೆಳಗೆ ಬಿದ್ದುಹೋದ ಹಾಗೆ.
ತಿದ್ದುವಂತಿಲ್ಲ. ಲೈನಿನಲ್ಲಿ ಹೆಚ್ಚು ಮಾತು ಕೂಡದು.
ತೊಂಬತ್ತೊಂಬತ್ತರವರೆಗೆ ಬಂದು
ಅವರ ಕನ್ನಡ ನಿಂತುಕೊಂಡಿತು.

ಒಂದು ಜೂನ್ ರಾತ್ರಿ ತೋತಾಪುರಿ ತುಂಬಿದ ಟ್ರ್ಯಾಕ್ಟರು
ಹಳಿಗಳ ನಡುವೆ ಅಚ್ಚು ಮುರಿದು ಕೂತಿತು.
ಫೋನು ಬಂತು. ಎತ್ತಿದೆ. ಹೇಳಲು ನಂಬರಿರಲಿಲ್ಲ.
ಇರಲಿಲ್ಲ ಅಂತಲ್ಲ. ಹಾಳೆಯಲ್ಲಿತ್ತು, ಮೂವತ್ತನಾಲ್ಕು.
ಹೇಳಲಿಲ್ಲ.
ಆ ಕಡೆ ಉಸಿರು. ಈ ಕಡೆ ಉಸಿರು.
ಟ್ರ್ಯಾಕ್ಟರಿನ ಹುಡುಗ ಹಣ್ಣನ್ನು ಒಂದೊಂದಾಗಿ ಇಳಿಸುತ್ತಿದ್ದ,
ಒಂದೊಂದಾಗಿ, ಮೊಟ್ಟೆ ಇಡುವ ಕೋಳಿಯನ್ನು ಎತ್ತಿದ ಹಾಗೆ!
ಬೈದೆ, ಅವನ ಅಪ್ಪನನ್ನೂ ಸೇರಿಸಿ. ತಿರುಗಿ ಫೋನು ಹಿಡಿದೆ.
ಮಾಸ್ತರು ಕೇಳಲಿಲ್ಲ, ಕೂಗಲಿಲ್ಲ, ಕೆಳಗಿಡಲೂ ಇಲ್ಲ.
ಅವರ ಪ್ಲಾಟ್‌ಫಾರ್ಮಿನಲ್ಲಿ ಅಷ್ಟು ದೊಡ್ಡ ಗಾಡಿ
ದೀಪ ಹೊತ್ತಿಸಿಕೊಂಡು, ಒಳಗೆ ಜನ ಮಲಗಿಕೊಂಡು,
ನನ್ನ ನಾಲಿಗೆಗೆ ಕಟ್ಟಿದ ಎಮ್ಮೆಯ ಹಾಗೆ ನಿಂತಿತ್ತು.
ಇಪ್ಪತ್ತಾರು ನಿಮಿಷ.
ಮೂವತ್ತನಾಲ್ಕು, ಎಂದೆ.
ಮೂವತನಾಲ್ಕು, ಎಂದರು. ಗೀಟು.
ಬೆಳಗಾದರೆ ಜಲ್ಲಿಯ ಮೇಲೆ ಹಣ್ಣಿನ ತಿರುಳು, ಇರುವೆ.

ಈಗ ರಸ್ತೆಯನ್ನು ಹಳಿಯ ಅಡಿಗೆ ತೂರಿಸಿದ್ದಾರೆ.
ಮಳೆ ಬಂದರೆ ಒಳಗೆ ಮೊಣಕಾಲುದ್ದ ನೀರು. ಇರಲಿ,
ಗೇಟು ಬೇಡ. ನನ್ನನ್ನು ಗ್ಯಾಂಗಿಗೆ ಹಾಕಿದರು.
ಬಾವುಟ, ಕೈದೀಪ, ಪಟಾಕಿ ಡಬ್ಬಿ, ಮುಗಿಯದ ಹಾಳೆ
ಚೀಲಕ್ಕೆ ತುಂಬಿ ಸ್ಟೇಷನ್ನಿಗೆ ಒಪ್ಪಿಸಲು ಹೋದೆ.

ದನಿಗಿಂತ ಸಣ್ಣಗಿದ್ದರು. ಕಿವಿಯ ಹತ್ತಿರ ನರೆ.
ರಿಜಿಸ್ಟರಿನಿಂದ ತಲೆ ಎತ್ತದೆ ಹೆಸರು ಕೇಳಿದರು.
ಗಂಗುಲಮ್ಮ ಅಂದೆ. ಬರೆದರು.
ಐವತ್ತೆರಡು, ಅಂದೆ.
ಪೆನ್ನು ನಿಂತಿತು.

ಕುರ್ಚಿ ಎಳೆದರು. ಪಟಾಕಿ ಎಣಿಸಿದರು, ಕನ್ನಡದಲ್ಲಿ,
ಹತ್ತಕ್ಕೆ ಹತ್ತು, ಒಂದಿಷ್ಟು ಜಂಬದಿಂದ.
ಮತ್ತೇನು ಮಾತಾಡುವುದು?
ಕೈಯಿಂದ ಮಂಡಿಯೆತ್ತರ ತೋರಿಸಿ ಹುಬ್ಬೇರಿಸಿದರು.
ಎರಡು, ಎಂದೆ. ಹದಿನೇಳು, ಹನ್ನೊಂದು.
ತಮ್ಮ ಎದೆ ಮುಟ್ಟಿಕೊಂಡು: ಒಂದು. ನಾಲ್ಕು.
ಆಮೇಲೆ ಗೋಡೆಯಾಚೆ, ಎಲ್ಲೋ ದೂರಕ್ಕೆ ಬೆರಳು ಮಾಡಿ
ಬಾಯಿ ತೆರೆದರು. ಸಂಖ್ಯೆ ಸಿಗಲಿಲ್ಲ.
ನನ್ನ ಹಾಳೆಯ ಮೂಲೆಯಲ್ಲೇ ಬರೆದರು, ನಾಲ್ಕಂಕಿ,
ಪಕ್ಕದಲ್ಲಿ ಕಿಲೋಮೀಟರು.
ಓದಿ ಹೇಳಿದೆ: ಸಾವಿರದ ಐನೂರ ಹದಿನಾರು.
ಕಾಯಿದೆಯಂತೆ ತಿರುಗಿ ಹೇಳಹೊರಟರು.
ಸಾವಿರದ ಎಂದರು. ಐನೂರದ ಹತ್ತಿರ ಎಡವಿ
ಮತ್ತೆ ಮೊದಲಿಂದ, ಸಾವಿರದ, ಸಾವಿರದ,

ಅಷ್ಟರಲ್ಲಿ ಫೋನು ಬಂತು. ಬೇರೆ ಯಾವುದೋ ಗೇಟು.
ನಾನೇ ಎದ್ದುಬಿಟ್ಟೆ,
ಬೀಗದ ಕೈಗೆ ಸೊಂಟ ತಡವಿಕೊಂಡು.