ಎರಡು ತಾಸಿನ ಅಂತರ

ಬೆಳಗ್ಗೆ ಆರಕ್ಕೆ ಕಬ್ಬಿಣ.
ಹಡರ್ಸ್‌ಫೀಲ್ಡಿನ ಮೊದಲ ಬಸ್ಸು ಏರು ಹತ್ತುವ ಮುಂಚೆ,
ಮುಚ್ಚಿದ ಮಿಲ್ಲಿನ ಚಿಮಣಿಗೆ ಕತ್ತಲು ಇನ್ನೂ ಅಂಟಿರುವಾಗ
ಬರಿಹೊಟ್ಟೆಗೆ, ಅರ್ಧ ಕಿತ್ತಳೆಯ ರಸದ ಜೊತೆ.
ಬೀಜಗಣಿತವನ್ನು ಕಬ್ಬಿಣದ ಕಡಲೆ ಅನ್ನುತ್ತಿದ್ದರು ನಮ್ಮ ಮಾಸ್ತರರು.
ಈಗ ದಿನಕ್ಕೊಂದು ನುಂಗುತ್ತೇನೆ, ಸರ್,
ಲೆಕ್ಕ ಮಾತ್ರ ಇನ್ನೂ ಬಂದಿಲ್ಲ.

ಎಂಟಕ್ಕೆ ಸುಣ್ಣ.
ಡಬ್ಬಿಯ ಮೇಲೆ ಕ್ಯಾಲ್ಸಿಯಂ ಎಂದಿದೆ, ಅಗಿದರೆ
ಅಜ್ಜಿಯ ಎಲೆಅಡಿಕೆ ಚೀಲಕ್ಕೆ ಬೆರಳಿಟ್ಟು ನೆಕ್ಕಿ
ಬೈಸಿಕೊಂಡ ರುಚಿ.
ಎರಡನ್ನೂ ಒಟ್ಟಿಗೆ ಕಳಿಸಿದರೆ
ಇದು ಅದಕ್ಕೆ ಬಾಗಿಲಲ್ಲೇ ಅಡ್ಡ ನಿಲ್ಲುತ್ತದೆ.
ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂದರೆ
ಪಕ್ಷಪಾತ ಅಂದುಕೊಂಡಿದ್ದೆ.
ಅದು ವೇಳಾಪಟ್ಟಿ.

ನಾನು ಶಾಲೆಯ ಅಡುಗೆಮನೆಯಲ್ಲಿ ಬಡಿಸುವವಳು.
ಇನ್ನೂರ ನಲವತ್ತು ತಟ್ಟೆ,
ಕಿವುಚಿದ ಆಲೂಗಡ್ಡೆ, ಬಟಾಣಿ, ಮೇಲೊಂದು ಸೌಟು ಗ್ರೇವಿ,
ಶುಕ್ರವಾರವಾದರೆ ಮೀನು.
ಮಕ್ಕಳೆಲ್ಲ ಎದ್ದ ಮೇಲೆ ನನ್ನ ಪಾಲು:
ಬಸಿಯಲ್ಲಿ ನಾಲ್ಕು ಚಮಚ, ಇಪ್ಪತ್ತು ನಿಮಿಷ.
ನೀರು ಈಗಲ್ಲ, ಅರ್ಧ ತಾಸು ಬಿಟ್ಟು.
ಹೊಟ್ಟೆಪಾಡು ಎಂಬಷ್ಟು ದೊಡ್ಡ ಮಾತು
ಇಷ್ಟು ಸಣ್ಣ ಚೀಲದಲ್ಲಿ ಹೇಗೆ ಹಿಡಿಯಿತೋ.

ಕೂದಲು ಉದುರಿದ್ದು ಐದನೇ ತಿಂಗಳು,
ಬಚ್ಚಲ ಜಾಲರಿಯಲ್ಲಿ ಗುಬ್ಬಿಗೂಡಿನಷ್ಟು.
ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಅಂತ
ಯಾರನ್ನೋ ಆಡಿಕೊಂಡು ನಕ್ಕಿದ್ದೆ ಒಮ್ಮೆ.
ಹಿಟ್ಟೂ ಹೋಯಿತು, ಜುಟ್ಟೂ ಹೋಯಿತು,
ಮಲ್ಲಿಗೆ ಈ ಊರಲ್ಲಿ ಮೊದಲೇ ಇರಲಿಲ್ಲ.

ತಪ್ಪು ನನ್ನದೇ. ಅಥವಾ ಚಹಾದ್ದು.
ಎರಡನೇ ವರ್ಷ ಎಲ್ಲರೂ ಹೊಗಳಿದರು,
ಹಳೆಯ ಕೋಟಿನೊಳಗೆ ಇನ್ನೊಬ್ಬಳಿಗೆ ಜಾಗವಿತ್ತು,
ಗುಣವಾದೆ ಅಂದುಕೊಂಡೆ.
ಬಸ್‌ಸ್ಟಾಪಿನಲ್ಲಿ ಮೋರೀನಳ ಥರ್ಮಾಸು,
ಕಬ್ಬಿಣದ ಬೆನ್ನಿಗೇ ಒಂದು ಮುಚ್ಚಳ ಚಹಾ,
ಆಮೇಲೆ ಕಬ್ಬಿಣವೇ ಇಲ್ಲದೆ ಒಂದು ಮುಚ್ಚಳ.
ಮಾತ್ರೆಪೆಟ್ಟಿಗೆಯಲ್ಲಿ ಬುಧವಾರದ ಮನೆ ತುಂಬಿಯೇ ಇತ್ತು.
ಗುರುವಾರದ್ದೂ.

ಮೇ ತಿಂಗಳಲ್ಲಿ ಮೆಟ್ಟಿಲ ನಡುವೆ ಕೂತುಬಿಟ್ಟೆ.
ನಾಲಿಗೆ ಕೆಂಪಗೆ, ನುಣ್ಣಗೆ, ಈಗಷ್ಟೇ ಸಾರಿಸಿದ ನೆಲ.
ಮಂಜುಗಡ್ಡೆ ಕಡಿಯುವ ಚಟ ಹತ್ತಿತು,
ಮೀನಿನ ಪೆಟ್ಟಿಗೆಯದನ್ನೂ ಬಿಡಲಿಲ್ಲ,
ಐವತ್ತೆರಡರ ಹೆಂಗಸು
ಶೀತಲಕೋಣೆಯ ಬಾಗಿಲ ಮರೆಯಲ್ಲಿ, ಕಟುಂ ಕಟುಂ.

ರಕ್ತದ ಸುದ್ದಿ ಫೋನಿನಲ್ಲಿ ಬಂತು. ಫೆರಿಟಿನ್ ಆರು.
ಆರು ಅಂದರೆ?
'ಉಗ್ರಾಣದಲ್ಲಿ ಏನೂ ಉಳಿದಿಲ್ಲ, ಮಿಸೆಸ್ ಅಂಗಡಿ'
ಎಂದಳು ನರ್ಸ್ ಇಫೋಮಾ.
ನನ್ನ ಮನೆತನದ ಹೆಸರಿನ ಅರ್ಥ
ಅವಳಿಗೆ ಬಿಡಿಸಿ ಹೇಳಲು ಹೋಗಲಿಲ್ಲ.
'ಇದು ಜೀವನಪೂರ್ತಿ, ಗೊತ್ತಲ್ಲ?'
ಗೊತ್ತು. ಅಕ್ಷತೆಯ ಕೆಳಗೆ ಕೂತು
ಇದೇ ಮಾತಿಗೆ ತಲೆಯಾಡಿಸಿದ್ದೆ ಹಿಂದೆ.
ಅದು ಹದಿನಾರು ವರ್ಷ ನಡೆಯಿತು.

ಈಗ ಮೂರು ತಿಂಗಳಿಗೊಮ್ಮೆ ತೋಳಿಗೆ ಕೆಂಪು ಸೂಜಿಮದ್ದು.
ಎಡವೋ, ಬಲವೋ? ಹೋದ ಸಲದ್ದು ನೆನಪಿರುವುದಿಲ್ಲ.

ಇವತ್ತು ಏಳೂ ಇಪ್ಪತ್ತು. ಸಣ್ಣ ಜಿನುಗು.
ಮೋರೀನ್ ಥರ್ಮಾಸಿನ ಮುಚ್ಚಳ ತಿರುಗಿಸುತ್ತಾಳೆ,
ಕೈಗಡಿಯಾರ ನೋಡುತ್ತಾಳೆ,
'ಇನ್ನೂ ನಲವತ್ತು ನಿಮಿಷ, ಲವ್'
ಎಂದು ಮತ್ತೆ ಬಿಗಿ ಮಾಡುತ್ತಾಳೆ.
ತಾನೂ ಕುಡಿಯುವುದಿಲ್ಲ.
ಬಸ್ಸು ಬರುತ್ತದೆ. ಏರಿನಲ್ಲಿ ಗೇರು ಬದಲಾದಾಗ
ನನ್ನ ಚೀಲದೊಳಗೆ ಸುಣ್ಣದ ಡಬ್ಬಿ
ಗಿಲಕಿಯ ಹಾಗೆ ಸದ್ದು ಮಾಡುತ್ತದೆ.