ಪಾರಿಭಾಷಿಕ ಪದಗಳು, ಮೂರನೇ ಪಿರಿಯಡ್

ಕರಿಹಲಗೆಯ ಮೇಲೆ ಬರೆದೆ: ರುದ್ರನಾಟಕ.
ಕೆಳಗೊಂದು ಗೆರೆ. ಸೀಮೆಸುಣ್ಣ ತೇವ ಹಿಡಿದಿತ್ತು.
ಆಗಸ್ಟಿನಲ್ಲಿ ನಮ್ಮ ಬೋಳಾರದ ಕಾಲೇಜಿನಲ್ಲಿ
ಯಾವ ಅಕ್ಷರವೂ ಒಂದೇ ಸಲಕ್ಕೆ ಬೆಳ್ಳಗೆ ಮೂಡುವುದಿಲ್ಲ.

ಬರೆದುಕೊಳ್ಳಿ, ಎಂದೆ. ದುರಂತ ನಾಯಕ.
ಪೂರ್ತಿ ಒಳ್ಳೆಯವನಲ್ಲ,
ಪೂರ್ತಿ ಕೆಟ್ಟವನಾದರೆ ಯಾರಿಗೂ ಅಳು ಬಾರದು.
ದೊಡ್ಡವನು. "ಎಷ್ಟು ದೊಡ್ಡವನು ಮೇಡಂ?"
ಅರಸ. ಬೀಳಲಿಕ್ಕೆ ಎತ್ತರ ಬೇಕಲ್ಲ.
ಯತೀಶ ಕಾಂಚನ್ ನಕ್ಕ, ಕಿಟಕಿ ಬದಿಯ ಬೆಂಚಿನಲ್ಲಿ.
ನಸುಕಿಗೆ ಧಕ್ಕೆಯಲ್ಲಿ ಬುಟ್ಟಿ ಹೊತ್ತು
ಐಸಿಗೆ ಮರಗಟ್ಟಿದ ಬೆರಳಲ್ಲೇ
ಪೆನ್ನು ಹಿಡಿಯುವ ಹುಡುಗ.
ಸೋಪು ಹಾಕಿ ತೊಳೆದರೂ ಅವನ ನೋಟ್ಸಿಗೆ ಬಂಗುಡೆಯ ವಾಸನೆ.

ಹಮಾರ್ಷಿಯ. ಬಾಣ ಗುರಿ ತಪ್ಪುವುದಕ್ಕೆ ಗ್ರೀಕರ ಮಾತು.
ಪಾಪ ಎಂದು ಬರೆದರೆ ಅಂಕ ಇಲ್ಲ.
ಕಣ್ಣಳತೆ ತಪ್ಪಿದ್ದು, ಅಷ್ಟೆ.
ಯತೀಶ ಕೈಯೆತ್ತಿದ:
"ಅಳಿವೆಯಲ್ಲಿ ಹಾಗೆಯೇ ಮೇಡಂ. ಮರಳ ದಿಬ್ಬ
ನಿನ್ನೆ ಇದ್ದಲ್ಲಿ ಇವತ್ತು ಇರುವುದಿಲ್ಲ.
ನಿನ್ನೆಯ ಗುರುತಿನಲ್ಲೇ ಚುಕ್ಕಾಣಿ ತಿರುಗಿಸಿದರೆ
ಆಯಿತು. ಅಣ್ಣ ಯಾವಾಗಲೂ ಹೇಳ್ತಾನೆ."
ಒಳ್ಳೆಯ ಉದಾಹರಣೆ, ಎಂದೆ.
ಹಲಗೆಯ ಮೇಲೂ ಬರೆದೆ, ಆವರಣದೊಳಗೆ: ಅಳಿವೆ.

ನಾಟಕೀಯ ವ್ಯಂಗ್ಯ ಶುರುಮಾಡಿದ್ದೆ.
ಸಭೆಗೆ ಗೊತ್ತು, ರಂಗದ ಮೇಲಿರುವವನಿಗೆ ಗೊತ್ತಿಲ್ಲ.
ಆಗ ಪ್ಯೂನ್ ಬೊನವೆಂಚರ್ ಬಾಗಿಲಲ್ಲಿ,
ಒಂದು ಕಾಲಿನ ಚಪ್ಪಲಿ ಹೊರಗೆ ಬಿಟ್ಟು,
ಚೀಟಿ ಚಾಚಿದ. ಆಫೀಸಿನ ಅಕ್ಷರ, ಎರಡೇ ಸಾಲು.
ಓದಿದೆ. ಮಡಚಿದೆ. ಮತ್ತೂ ಮಡಚಿದೆ.

ಅಷ್ಟರಲ್ಲಿ ಝೊಹರಾ ಎದ್ದು ನಿಂತಿದ್ದಳು.
ಉಳ್ಳಾಲದಿಂದ ಬರುವವಳು, ಯಾವುದನ್ನೂ ಸುಮ್ಮನೆ ಬರೆದುಕೊಳ್ಳದವಳು:
"ಕೂತವರಿಗೆಲ್ಲ ಗೊತ್ತುಂಟಲ್ಲ ಮೇಡಂ,
ಒಬ್ಬರಾದರೂ ಕೂಗಿ ಹೇಳಬಾರದಾ?"

ಉತ್ತರ ಕೊಟ್ಟೆ. ಅದೇ ನನ್ನ ನಾಚಿಕೆ.
ಇಪ್ಪತ್ತೆರಡು ವರ್ಷ ಹೇಳಿದ್ದನ್ನೇ ಹೇಳಿದೆ,
ರಂಗಕ್ಕೂ ಸಭೆಗೂ ನಡುವಿನ ಕಾಣದ ಗೋಡೆ,
ಕಲೆಯ ನಿಯಮ, ಪ್ರೇಕ್ಷಕನ ಅಸಹಾಯಕತೆ.
ಉಕ್ತಲೇಖನದಷ್ಟು ನಿಧಾನ. ಅಲ್ಪವಿರಾಮವನ್ನೂ ಬಿಡದೆ.
ಎಲ್ಲರೂ ಬರೆದುಕೊಂಡರು.
ಯತೀಶನೂ ಬರೆದುಕೊಂಡ.
ಎಷ್ಟು ಹೊತ್ತು? ಎರಡು ನಿಮಿಷವಿರಬಹುದು.
ಆ ಎರಡು ನಿಮಿಷ ಅವನಿಗೆ ಅಣ್ಣ ಇದ್ದ
ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡದ್ದುಂಟು.
ಅದು ಸ್ವಗತ. ಸ್ವಗತದಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ
ಎನ್ನುವುದೂ ನಾನೇ ಕಲಿಸಿದ್ದು.

ಚೀಲ ತಗೊಂಡು ಬಾ ಮಗ, ಎಂದೆ.
ಅರಿವಿನ ಗಳಿಗೆಯಲ್ಲಿ ಮುಖ ಬದಲಾಗುತ್ತದೆ ಎಂದು
ನೋಟ್ಸಿನಲ್ಲಿ ಉಂಟು. ಬದಲಾಗಲಿಲ್ಲ.
ಅವನು ಪೆನ್ನಿಗೆ ಮುಚ್ಚಳ ಹಾಕಿದ.
ಹಲಗೆಯತ್ತ ನೋಡಿದ, ಆವರಣದೊಳಗಿನ ಪದದತ್ತ.
ಒರೆಸಲು ಓಡಿದೆ. ಬಟ್ಟೆಯೂ ಒದ್ದೆ,
ಅಕ್ಷರ ಹೋಗದೆ ಹಲಗೆ ತುಂಬ ಹರಡಿತು.

ಸಂಜೆ ಧಕ್ಕೆಗೆ ಹೋದೆ.
ಮೇಳದವರು ಒಂದೇ ದನಿಯಲ್ಲಿ ನುಡಿಯುತ್ತಾರೆ
ಎಂದು ಕಲಿಸಿದವಳು. ಅಲ್ಲಿ ಹಾಗೆಂತದ್ದೂ ಇಲ್ಲ.
ಒಬ್ಬಳು ಬರ್ನೆಯಿಲ್ಲದ ಮೊಬೈಲಿಗೆ ಬೈಯುತ್ತಿದ್ದಳು,
ಒಬ್ಬಳು ಐಸಿನ ಲೆಕ್ಕ ಕೇಳಲು ಬಂದವನನ್ನು ಅಟ್ಟುತ್ತಿದ್ದಳು,
ಒಬ್ಬಳು ನನಗೇ ಸ್ಟೂಲು ತಂದು ಹಾಕಿದಳು.
ಆಚೆ ದಡದ ಬೆಂಗ್ರೆಯಲ್ಲಿ ದೀಪ ಹತ್ತಿತು, ದಿನಾ ಹತ್ತುವ ಹೊತ್ತಿಗೆ.

ನವೆಂಬರಿನ ಪರೀಕ್ಷೆ. ಐದು ಅಂಕದ ಪ್ರಶ್ನೆ:
ಭಾವವಿರೇಚನ ಎಂದರೇನು?
ಎಲ್ಲರೂ ಭಯ, ಕರುಣೆ, ಶುದ್ಧಿ,
ನನ್ನ ಅಲ್ಪವಿರಾಮಗಳ ಸಮೇತ.
ಯತೀಶ ಬರೆದಿದ್ದ:
"ನಾಟಕ ಮುಗಿದ ಮೇಲೆ ನೋಡಿದವರಿಗೆ ಹಗುರಾಗುತ್ತದೆ.
ಒಳಗೆ ಇದ್ದವರ ವಿಷಯ ನೋಟ್ಸಿನಲ್ಲಿ ಇಲ್ಲ."

'ವಿಶಯ' ಎಂದು ಬರೆದಿದ್ದ, ನಿಜವಾಗಿ. ತಿದ್ದಿದೆ.
ಅಂಕ ಹಾಕಿಲ್ಲ ಇನ್ನೂ. ಆ ಪೇಪರನ್ನು
ಕಟ್ಟಿನ ತಳಕ್ಕೆ ಹಾಕುತ್ತೇನೆ,
ಮೇಲಿನವು ಮುಗಿದಂತೆ ಅದೇ ಮೇಲೆ ಬರುತ್ತದೆ.